ಟೋಪಿ ತೆಗೆಯದ ಮಂತ್ರಿ



ಇಸ್ತಾಂಬುಲ್‌ನ ಹಳೆಯ ಕೋಟೆಗೋಡೆಯ ಹತ್ತಿರ ಒಂದು ಕಾಲಕ್ಕೆ ಕೋರಾ ಎಂಬ ಮಠದ ಚರ್ಚಾಗಿದ್ದ ಪುರಾತನ ಕಟ್ಟಡವಿದೆ. ಅದರ ಒಳಬಾಗಿಲ ಮೇಲ್ಗಡೆ, ಗಾಜು ಮತ್ತು ಕಲ್ಲಿನ ಚೂರುಗಳನ್ನು ಕೂಡಿಸಿ ಮಾಡಿದ ಒಂದು ಚಿತ್ರ. ಸಿಂಹಾಸನದ ಮೇಲೆ ಕ್ರಿಸ್ತ. ಪಕ್ಕದಲ್ಲಿ ಗಡ್ಡದ ಮನುಷ್ಯನೊಬ್ಬ ಮಂಡಿಯೂರಿ, ಅದೇ ಚರ್ಚಿನ ಪುಟ್ಟ ಮಾದರಿಯನ್ನು ಅರ್ಪಿಸುತ್ತಿದ್ದಾನೆ. ತಲೆಯ ಮೇಲೆ ತಲೆಗಿಂತ ದೊಡ್ಡ ಟೋಪಿ! ದೇವರ ಎದುರಿಗೂ ಅಧಿಕಾರದ ಟೋಪಿ ತೆಗೆದಿಲ್ಲ, ಪುಣ್ಯಾತ್ಮ.

ಇವನು ಥಿಯೊಡೋರ್ ಮೆಟೊಕೈಟಿಸ್, ಬೈಜಾಂಟಿಯಂ ಚಕ್ರವರ್ತಿ ಎರಡನೆಯ ಆಂಡ್ರೊನಿಕೋಸನ ಬಲಗೈ. ಇದೇ ಚಕ್ರವರ್ತಿಯ ಆಳ್ವಿಕೆಯಲ್ಲಿ, ಚರ್ಚಿನ ಜಗಳದಲ್ಲಿ ಸೋತ ಪಕ್ಷದವನೆಂದು ಅವನ ಅಪ್ಪನನ್ನು ಗಡೀಪಾರು ಮಾಡಿದ್ದರು. ಆಗ ಹುಡುಗನಿಗೆ ಹದಿಮೂರರ ಆಸುಪಾಸು. ಇಪ್ಪತ್ತರ ಹೊತ್ತಿಗೆ ಅದೇ ದೊರೆ ಆ ಹುಡುಗನ ವಿದ್ವತ್ತಿಗೆ ಮರುಳಾಗಿ ಆಸ್ಥಾನಕ್ಕೆ ಕರೆದುಕೊಂಡ. ಮುಂದೆ ಮಂತ್ರಿಯ ಮಗಳು ದೊರೆಯ ಅಣ್ಣತಮ್ಮಂದಿರ ಮನೆಗೇ ಸೊಸೆಯಾದಳು.

ಹಗಲೆಲ್ಲ ಪುಸ್ತಕದ ಗಂಧವೇ ಇಲ್ಲದವನಂತೆ ರಾಜಕಾರ್ಯ. ರಾತ್ರಿ ರಾಜಕಾರ್ಯ ಕಂಡೇ ಇಲ್ಲದವನಂತೆ ಓದು. ಹೀಗೆಂದು ಅವನ ಶಿಷ್ಯ ಗ್ರೆಗೊರಾಸ್ ಬೆರಗಿನಿಂದ ಬರೆದಿಟ್ಟಿದ್ದಾನೆ. ಖಗೋಳಶಾಸ್ತ್ರ ಬಲ್ಲವನು, ಕವಿ. ಆದರೆ ಹುದ್ದೆಗಳನ್ನು ಮಾರಿ ದುಡ್ಡು ಮಾಡಿಕೊಂಡ ಎಂಬ ದೂರೂ ಅವನ ಬೆನ್ನಿಗಿತ್ತು. ಅತ್ತ ಅನಟೋಲಿಯಾದ ಸೀಮೆಗಳು ಒಂದೊಂದಾಗಿ ತುರ್ಕರ ಪಾಲಾಗುತ್ತಿದ್ದವು. ಇತ್ತ ರೈತರ ಮೇಲೆ ತೆರಿಗೆಯ ಹೊರೆ. ಅಂಥ ಕಾಲದಲ್ಲೇ, 1315ರಿಂದ 1321ರವರೆಗೆ, ಅವನ ಖರ್ಚಿನಲ್ಲಿ ಕೋರಾ ಹೊಸ ಚಿತ್ರಗಳಿಂದ ಝಗಝಗಿಸಿತು.

1321ರಲ್ಲಿ ಅವನು ಅತ್ಯುನ್ನತ ಪದವಿಗೇರಿದ. ಅದೇ ವರ್ಷ ಮುದಿ ಚಕ್ರವರ್ತಿಗೂ ಮೊಮ್ಮಗನಿಗೂ ಕಾಳಗ ಹತ್ತಿತು. 1328ರ ಮೇ ತಿಂಗಳ ಒಂದು ರಾತ್ರಿ ಮೊಮ್ಮಗನ ಪಡೆ ರಾಜಧಾನಿಯೊಳಗೆ, ಅಂದರೆ ಇಂದಿನ ಇಸ್ತಾಂಬುಲ್‌ನೊಳಗೆ, ನುಗ್ಗಿತು. ಮಂತ್ರಿಯ ಅರಮನೆಯಂಥ ಮನೆ ಲೂಟಿಯಾಯಿತು, ಆಸ್ತಿ ಹೋಯಿತು. ಅಪ್ಪನ ಹಾಗೆ ಮಗನಿಗೂ ಗಡೀಪಾರು. ಅಲ್ಲಿಂದ ಕೋರಾದ ಸನ್ಯಾಸಿಗಳಿಗೆ ಬರೆದ ಪತ್ರದಲ್ಲಿ ಅವನು ಬೇಡಿಕೊಂಡದ್ದು, ತಾನು ಕೂಡಿಸಿದ ಪುಸ್ತಕಗಳನ್ನು ಜೋಪಾನ ಮಾಡಿ ಎಂದು. ಈ ಒಂದು ಬೇಡಿಕೆಗಾಗಿ ನನಗೆ ಅವನ ಮೇಲೆ ಕೊಂಚ ಕರುಣೆ.

1330ರಲ್ಲಿ ಊರಿಗೆ ಮರಳಲು ಅಪ್ಪಣೆ ಸಿಕ್ಕಿತು. ಕೋರಾ ಮಠಕ್ಕೇ ಹೋದ. ಥಿಯೊಲೆಪ್ಟೋಸ್ ಎಂಬ ಹೆಸರಿನ ಸನ್ಯಾಸಿಯಾಗಿ 1332ರಲ್ಲಿ ಅಲ್ಲೇ ತೀರಿಕೊಂಡ.

ಆ ಚಿತ್ರಗಳನ್ನು ನೋಡಿದವರು ಇಂದಿಗೂ ಅವನ ಅಭಿರುಚಿಯನ್ನು ಹೊಗಳುತ್ತಾರೆ. ಹೊಗಳಲಿ, ತಪ್ಪಿಲ್ಲ. ಆದರೆ ಅವಕ್ಕೆ ಸುರಿದ ಹೊನ್ನು ಅಧಿಕಾರದಿಂದ ಗಳಿಸಿದ್ದು. ಆ ಲೆಕ್ಕವನ್ನೂ ಮೆಟೊಕೈಟಿಸನ ಖಾತೆಗೇ ಬರೆಯಬೇಕು.