ಶ್ವಾಸರಕ್ಷಣೆಯ ವಿದ್ಯೆಯೂ ಘಟ್ಟದ ಮೇಲಣ ಸೀಮೆಯೂ



ಅನ್ನವಿಲ್ಲದೆ ಮನುಷ್ಯನು ಕೆಲವು ವಾರ ಬದುಕಿಯಾನು. ನೀರಿಲ್ಲದೆ ಕೆಲವು ದಿನ ಬದುಕಿಯಾನು. ಉಸಿರು ನಿಂತರೆ ಕೆಲವೇ ನಿಮಿಷಗಳಲ್ಲಿ ಅವನ ಮಿದುಳು ಕೆಡತೊಡಗುವುದು. ಇದು ಎಲ್ಲರೂ ಬಲ್ಲ ಮಾತು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರು, ಯಲ್ಲಾಪುರದಿಂದ ಸುಮಾರು 70. ಸಿದ್ದಾಪುರದ ಒಳಗ್ರಾಮಗಳವರು ಮೊದಲು ಕಾಡುದಾರಿಯನ್ನು ದಾಟಿ ತಾಲೂಕಿನ ಊರನ್ನು ಸೇರಿ, ಅಲ್ಲಿಂದ ಶಿರಸಿಗೋ ಸಾಗರಕ್ಕೋ ಹೊರಡಬೇಕು. ಇದೂ ಎಲ್ಲರೂ ಬಲ್ಲ ಮಾತೇ. ನಿಮಿಷದ ಅಳತೆಯನ್ನೂ ದಾರಿಯ ಅಳತೆಯನ್ನೂ ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡಿದವರಿಗೆ ಇಂದಿನ ಉಪನ್ಯಾಸದ ವಿಷಯವು ತಾನಾಗಿಯೇ ಹೊಳೆಯುವುದು. ಶ್ವಾಸಕೋಶದ ವ್ಯಾಧಿಗಳನ್ನೂ ಪ್ರಾಣಾಪಾಯದಲ್ಲಿರುವ ರೋಗಿಗಳನ್ನೂ ನೋಡಿಕೊಳ್ಳುವ ವೈದ್ಯರು ಆ ವಿದ್ಯೆಯನ್ನು ಹೇಗೆ, ಎಲ್ಲಿ, ಎಂಥ ರೋಗಿಯ ಮಂಚದ ಬಳಿ ನಿಂತು ಕಲಿಯತಕ್ಕದ್ದು ಎಂಬುದೇ ಆ ವಿಷಯವು.

ಉತ್ತರ ಕನ್ನಡ ಜಿಲ್ಲೆಗೆ ಸಕಲ ಸೌಕರ್ಯಗಳುಳ್ಳ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ ಜೋರಾಗಿ ಎದ್ದಿತು. 2022ನೆಯ ಇಸವಿಯ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ತೆಂಕಣಕ್ಕೆ ಧಾವಿಸುತ್ತಿದ್ದ ಆಂಬುಲೆನ್ಸು ಬೈಂದೂರಿನ ಹತ್ತಿರದ ಶಿರೂರು ಟೋಲಿನಲ್ಲಿ ಉರುಳಿ ನಾಲ್ವರು ಮೃತರಾದ ಮೇಲೆ ಆ ಕೂಗು ಅಳಲಾಗಿ ಮಾರ್ಪಟ್ಟಿತು. ಕೂಗು ನ್ಯಾಯವಾದುದೇ ಸರಿ. ಆದರೆ ಅದರಲ್ಲಿ ಕಟ್ಟಡದ ಮಾತು ಹೆಚ್ಚು, ಯಂತ್ರದ ಮಾತು ಅದಕ್ಕಿಂತ ತುಸು ಕಡಿಮೆ, ಕಲಿತ ಕೈಯ ಮಾತು ಎಲ್ಲಕ್ಕಿಂತಲೂ ಕಡಿಮೆ. ಕಟ್ಟಡವು ಎರಡು ಮೂರು ವರ್ಷಗಳಲ್ಲಿ ಏಳಬಹುದು. ಹಣವಿದ್ದರೆ ಯಂತ್ರವನ್ನು ತಿಂಗಳೊಪ್ಪತ್ತಿನಲ್ಲಿ ತರಿಸಬಹುದು. ವೈದ್ಯನಾದರೋ ನಾಲ್ಕೂವರೆ ವರ್ಷ ಎಂ.ಬಿ.ಬಿ.ಎಸ್. ಓದಿ, ಒಂದು ವರ್ಷ ದವಾಖಾನೆಯಲ್ಲಿ ಕೈಕೆಳಗಿನ ಕೆಲಸವನ್ನು ಮಾಡಿ, ಮೂರು ವರ್ಷ ಎಂ.ಡಿ., ಮತ್ತೆ ಮೂರು ವರ್ಷ ಡಿ.ಎಂ. ಎಂಬ ಉನ್ನತ ಪದವಿಗಾಗಿ ಶ್ರಮಿಸಬೇಕು. ನಡುವೆ ಎಲ್ಲಿಯೂ ಎಡವದಿದ್ದರೂ ಹನ್ನೊಂದೂವರೆ ವರ್ಷ ಕಳೆಯುವುದು. ಅಡಿಕೆಯ ಸಸಿಯನ್ನು ನೆಟ್ಟವನಿಗೆ ಫಲವು ಇದಕ್ಕಿಂತ ಬೇಗನೆ ಕೈಸೇರುತ್ತದೆ.

ಇಷ್ಟು ದೀರ್ಘಕಾಲವೇತಕ್ಕೆ ಎಂದು ಕೇಳುವವರುಂಟು. ಶಾಸ್ತ್ರವನ್ನು ಓದುವುದಕ್ಕೆ ಇಷ್ಟು ಕಾಲ ಬೇಡ; ಕೈ ಪಳಗುವುದಕ್ಕೆ ಬೇಕು. ಸುಶ್ರುತಾಚಾರ್ಯರು ಶಿಷ್ಯರ ಅಭ್ಯಾಸಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಕುಂಬಳ ಸೋರೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವ ಕೆಲಸವನ್ನು ಮೊದಲು ಕಲಿಯತಕ್ಕದ್ದೆಂದು ವಿಧಿಸಿರುವರು. ಎಷ್ಟು ಓದಿದ್ದರೂ ಕೈಯಭ್ಯಾಸವಿಲ್ಲದವನು ಕರ್ಮಕ್ಕೆ ಯೋಗ್ಯನಲ್ಲವೆಂಬುದು ಅವರ ಅಭಿಪ್ರಾಯ. ಇಂದಿನ ವೈದ್ಯ ವಿದ್ಯಾರ್ಥಿಯು ರಬ್ಬರಿನ ಬೊಂಬೆಯ ಗಂಟಲಲ್ಲಿ ನಳಿಕೆಯನ್ನು ಇಳಿಸಿ ಕಲಿಯುವುದು ಅದೇ ಕ್ರಮದ ಮುಂದುವರಿಕೆಯಲ್ಲದೆ ಬೇರೆಯಲ್ಲ. ಪಾಶ್ಚಾತ್ಯರಲ್ಲಿಯೂ ಈ ವಿದ್ಯೆಯು ಬೆರಳು ಕಿವಿಗಳಿಂದಲೇ ಆರಂಭವಾಯಿತು. ಆಸ್ಟ್ರಿಯದ ಔಯೆನ್‌ಬ್ರುಗ್ಗರನೆಂಬ ವೈದ್ಯನು ಎದೆಯನ್ನು ಬೆರಳಿಂದ ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವ ಉಪಾಯವನ್ನು 1761ರಲ್ಲಿ ಪ್ರಕಟಿಸಿದನು. ಅವನ ತಂದೆಯು ವಸತಿಗೃಹವನ್ನು ನಡೆಸುತ್ತಿದ್ದನು. ಪೀಪಾಯಿಯನ್ನು ತಟ್ಟಿ ಮದ್ಯವೆಷ್ಟಿದೆಯೆಂದು ತಿಳಿಯುವುದನ್ನು ಮಗನು ಅಲ್ಲಿ ಕಂಡಿದ್ದನೆಂದು ಹೇಳುವರು. ಪ್ಯಾರಿಸ್ಸಿನ ಲಾಯೆನೆಕ್ಕನು 1816ರಲ್ಲಿ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದನು. ಸ್ಟೆಥಾಸ್ಕೋಪು ಹುಟ್ಟಿದ್ದು ಹಾಗೆ. ಎದೆಯ ಸದ್ದುಗಳನ್ನು ಲೋಕಕ್ಕೆ ತಿಳಿಸಿಕೊಟ್ಟ ಆ ಪುಣ್ಯಾತ್ಮನು 1826ರಲ್ಲಿ ಕ್ಷಯದಿಂದಲೇ ತೀರಿಕೊಂಡನು.

ಪ್ರಾಣಾಪಾಯದ ರೋಗಿಯ ಶುಶ್ರೂಷೆಯು ಪ್ರತ್ಯೇಕ ವಿದ್ಯೆಯಾಗಿ ರೂಪುಗೊಂಡ ಕಥೆಯನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳತಕ್ಕದ್ದು. 1952ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಪಟ್ಟಣದಲ್ಲಿ ಪೋಲಿಯೋ ರೋಗವು ಪಿಡುಗಾಗಿ ಹಬ್ಬಿತು. ಮಕ್ಕಳ ಉಸಿರಾಟದ ಸ್ನಾಯುಗಳು ಸೋತು ಹೋಗುತ್ತಿದ್ದುವು. ಅಲ್ಲಿಯ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದ ಶ್ವಾಸಯಂತ್ರಗಳು ಬೆರಳೆಣಿಕೆಯವು. ಮೊದಲ ವಾರಗಳಲ್ಲಿ ಉಸಿರುಗೆಟ್ಟ 31 ರೋಗಿಗಳಲ್ಲಿ 27 ಮಂದಿ ಮೃತರಾದರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆಯ ವೈದ್ಯನನ್ನು ಕರೆಯಿಸಿದರು. ರೋಗಿಗಳ ರಕ್ತದಲ್ಲಿ ಇಂಗಾಲಾಮ್ಲವು ಹೊರಹೋಗದೆ ಉಳಿಯುತ್ತಿದೆಯೆಂಬುದನ್ನು ಆತನು ಗುರುತಿಸಿ, ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಕೊರಳಿನಲ್ಲಿ ರಂಧ್ರಮಾಡಿಸಿ, ನಳಿಕೆಯನ್ನಿಟ್ಟು, ರಬ್ಬರು ಚೀಲವನ್ನು ಕೈಯಿಂದ ಹಿಚುಕಿ ಗಾಳಿಯನ್ನು ತುಂಬಿದನು. ಬಾಲಿಕೆಯು ಬದುಕಿದಳು. ಆದರೆ ನೂರಾರು ರೋಗಿಗಳಿಗೆ ಹಗಲಿರುಳು ಚೀಲವನ್ನು ಹಿಚುಕುವವರಾರು? ಸುಮಾರು 1500 ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು ಮಂಚದ ಬಳಿ ಕುಳಿತು ತಿಂಗಳುಗಟ್ಟಲೆ ಹಿಚುಕಿದರು. ಮುಕ್ಕಾಲುಪಾಲನ್ನು ಮೀರಿದ್ದ ಮರಣವು ಕಾಲುಪಾಲಿನ ಆಸುಪಾಸಿಗೆ ಇಳಿಯಿತು. ಇಂದು ಐ.ಸಿ.ಯು. ಎಂದು ಹಳ್ಳಿಗರೂ ಹೇಳುವ ತೀವ್ರನಿಗಾ ಕೋಣೆಯ ಮೂಲವು ಇಲ್ಲಿದೆ. ಅದರ ಮೊದಲ ಶ್ವಾಸಯಂತ್ರವು ಕಲಿತ ವಿದ್ಯಾರ್ಥಿಯ ಕೈಯೇ ಆಗಿದ್ದಿತು.

ಈಗಿನ ವೆಂಟಿಲೇಟರು ಸೂಕ್ಷ್ಮವಾದ ಯಂತ್ರ. ಆದರೆ ಎಷ್ಟು ಗಾಳಿಯನ್ನು ಊದಬೇಕೆಂಬುದನ್ನು ವೈದ್ಯನೇ ನಿರ್ಣಯಿಸಬೇಕು. ಶ್ವಾಸಕೋಶವು ಊದಿಕೊಂಡು ನೀರುತುಂಬಿದ ರೋಗಿಗಳಿಗೆ ಹಿಂದೆ ಕಿಲೋ ಒಂದಕ್ಕೆ 10ರಿಂದ 15 ಮಿಲಿಲೀಟರಿನಂತೆ ಧಾರಾಳವಾಗಿ ಗಾಳಿಯನ್ನು ಕೊಡುತ್ತಿದ್ದರು. ಅಮೆರಿಕೆಯ ವೈದ್ಯರು 861 ರೋಗಿಗಳಲ್ಲಿ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಫಲಿತಾಂಶವು ಎಲ್ಲರ ಕಣ್ಣು ತೆರೆಯಿಸಿತು: 12 ಮಿಲಿಲೀಟರಿನ ಗುಂಪಿನಲ್ಲಿ ನೂರಕ್ಕೆ 39.8 ಮಂದಿ ಸತ್ತರು, 6 ಮಿಲಿಲೀಟರಿನ ಗುಂಪಿನಲ್ಲಿ 31 ಮಂದಿ. ಎರಡು ಕಡೆಯಲ್ಲಿಯೂ ಯಂತ್ರವಿದ್ದಿತು. ಗುಂಡಿಯನ್ನು ತಿರುಗಿಸಿದ ಪ್ರಮಾಣ ಮಾತ್ರ ಬೇರೆ. ಅದರಲ್ಲಿಯೂ ಈ ಲೆಕ್ಕವನ್ನು ರೋಗಿಯ ಎತ್ತರದಿಂದ ಹಾಕಬೇಕೇ ಹೊರತು ತಕ್ಕಡಿಯ ತೂಕದಿಂದಲ್ಲ. 165 ಸೆಂಟಿಮೀಟರು ಎತ್ತರದ ಗಂಡಸಿಗೆ ಸುಮಾರು 370 ಮಿಲಿಲೀಟರು ಸಾಕು. ಅವನ ಮೈತೂಕ 85 ಕಿಲೋ ಇದೆಯೆಂದು ಅದರ ಮೇಲೆ ಲೆಕ್ಕಹಾಕಿದವನು 510ನ್ನು ಊದಿ, ರೋಗವು ಉಳಿಸಿದ್ದ ಶ್ವಾಸಕೋಶವನ್ನು ತಾನು ಹರಿಯುವನು. ಇಂಥ ರೋಗಿಯನ್ನು ದಿನಕ್ಕೆ 16 ತಾಸು ಬೋರಲಾಗಿ ಮಲಗಿಸಿದರೆ ಮರಣವು ಅರ್ಧದಷ್ಟಾಗುವುದೆಂದು ಫ್ರಾನ್ಸಿನಲ್ಲಿ ಮುಖ್ಯವಾಗಿ ನಡೆದ ಪರೀಕ್ಷೆಯೊಂದು 2013ರಲ್ಲಿ ತೋರಿಸಿತು. ಬೋರಲು ಮಲಗಿಸುವುದಕ್ಕೆ ಹೊಸ ಯಂತ್ರವೇನೂ ಬೇಡ. ನಳಿಕೆ ಜಾರದಂತೆ ಒಮ್ಮನಸ್ಸಿನಿಂದ ಹೊರಳಿಸಬಲ್ಲ ನಾಲ್ಕೈದು ಜನ ಬೇಕು. 2020 ಮತ್ತು 2021ರ ಕೋವಿಡ್ ಪಿಡುಗಿನಲ್ಲಿ ದೇಶದ ಹಲವೆಡೆ ಯಂತ್ರಗಳು ಬಂದು, ನಡೆಯಿಸಬಲ್ಲವರಿಲ್ಲದೆ ಮೂಲೆಯಲ್ಲಿ ನಿಂತುದನ್ನು ಪತ್ರಿಕೆಗಳಲ್ಲಿ ಓದಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಎಲ್ಲಿ ಕಲಿಯಬೇಕೆಂಬ ಪ್ರಶ್ನೆ. ಮಹಾನಗರದ ದೊಡ್ಡ ಆಸ್ಪತ್ರೆಯಲ್ಲಿ ಕಲಿತವನು ಮಹಾನಗರದ ರೋಗವನ್ನು ಚೆನ್ನಾಗಿ ಬಲ್ಲನು. ಘಟ್ಟದ ಮೇಲಿನ ಉಸಿರಿಗೆ ಬೇರೆ ಶತ್ರುಗಳೂ ಇವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅಡವಿಯಲ್ಲಿ ಮಂಗಗಳೊಡನೆ ಮನುಷ್ಯರನ್ನೂ ಕೊಂದು ಪ್ರಕಟವಾದ ಮಂಗನ ಕಾಯಿಲೆಯು ಉಣುಗಿನಿಂದ ಹರಡುವುದು. 2024ರಲ್ಲಿ ಅದು ಸಿದ್ದಾಪುರ ತಾಲೂಕಿನಲ್ಲಿ ಪ್ರಬಲವಾಗಿ ಕಾಣಿಸಿಕೊಂಡು ಜೀವಹಾನಿಯನ್ನು ಮಾಡಿತು. ಕೆಲವು ರೋಗಿಗಳಲ್ಲಿ ಅದು ಶ್ವಾಸಕೋಶದಲ್ಲಿ ರಕ್ತ ನೀರುಗಳನ್ನು ತುಂಬಿಸುವುದು. ಮಳೆಗಾಲದ ಇಲಿಜ್ವರವೂ ಹಾಗೆಯೇ ಮಾಡಬಲ್ಲದು. ನಟ್ಟಿರುಳಿನಲ್ಲಿ ನೆಲದ ಮೇಲೆ ಮಲಗಿದವನನ್ನು ಕಟ್ಟುಹಾವು ಕಚ್ಚಿದರೆ ನೋವೂ ಬಾವೂ ಅಷ್ಟಾಗಿ ತೋರುವುದಿಲ್ಲ. ಬೆಳಗಾಗುವ ಹೊತ್ತಿಗೆ ರೆಪ್ಪೆಗಳು ಇಳಿಬಿದ್ದು, ಮಾತು ತೊದಲಿ, ಉಸಿರು ಸೋಲುವುದು. ಒಲೆಯ ಹೊಗೆಯಲ್ಲಿ ಮೂವತ್ತು ನಾಲ್ವತ್ತು ವರ್ಷ ಬೆಂದ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಮುಂದೆ ಕುಳಿತ ಹೆಂಗಸರ ಕೆಮ್ಮನ್ನು ಬೀಡಿ ಸೇದದವರ ಕೆಮ್ಮೆಂದು ಹಗುರಾಗಿ ನೋಡುವ ವೈದ್ಯನು ಪುಸ್ತಕವನ್ನು ಓದಿದ್ದಾನೆಯೇ ಹೊರತು ಅಡಿಗೆಮನೆಯನ್ನು ನೋಡಿಲ್ಲ.

ಇನ್ನೊಂದು ನಿದರ್ಶನವು ಕುತೂಹಲಕರವಾದುದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಈ ಮೂರು ತಾಲೂಕುಗಳಲ್ಲಿ ಪ್ರತಿ ಮಳೆಗಾಲದ ಕೆಲಸ. ಕೊನೆಗೌಡನು ಮರದ ತುದಿಯಲ್ಲಿ ಆ ತುಂತುರಿನ ನಡುವೆಯೇ ಉಸಿರಾಡುವನು. ಇದೇ ದ್ರಾವಣವನ್ನು ದ್ರಾಕ್ಷಿಯ ತೋಟಗಳಲ್ಲಿ ಸಿಂಪಡಿಸುತ್ತಿದ್ದ ಪೋರ್ಚುಗಲ್ ದೇಶದ ಕೂಲಿಗಳ ಶ್ವಾಸಕೋಶದಲ್ಲಿ ತಾಮ್ರವು ಸೇರಿ ಗಂಟುಗಳಾಗುವುದನ್ನು ಅಲ್ಲಿಯ ವೈದ್ಯರು 1969ರಲ್ಲಿ ವರ್ಣಿಸಿದರು. ಎಕ್ಸರೇ ಚಿತ್ರದಲ್ಲಿ ಅದು ಕ್ಷಯವೆಂಬ ಭ್ರಾಂತಿಯನ್ನು ಹುಟ್ಟಿಸಬಹುದು. ಕೊನೆಗೌಡನ ಎದೆಯ ಚಿತ್ರವನ್ನು ಹಿಡಿದ ವೈದ್ಯನು ಅವನ ಕಸುಬೇನೆಂದು ಕೇಳಿ, ಉತ್ತರದ ಅರ್ಥವನ್ನು ತಿಳಿಯಬೇಕಾದರೆ ತೋಟದ ಸೀಮೆಯಲ್ಲಿ ಕೆಲವು ಕಾಲವಾದರೂ ಕಲಿತಿರಬೇಕು.

ಇದಕ್ಕೆ ದಾರಿಯಿಲ್ಲವೆಂದಲ್ಲ. ಎಂ.ಡಿ., ಎಂ.ಎಸ್. ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲಿ ಇದ್ದು ಕಲಿಯತಕ್ಕದ್ದೆಂಬ ನಿಯಮವು 2020ರಲ್ಲಿ ಹೊರಟಿತು. ಹುಬ್ಬಳ್ಳಿಯಲ್ಲಿ 1957ರಿಂದಲೂ, ಬೆಳಗಾವಿಯಲ್ಲಿ 1963ರಿಂದಲೂ ವೈದ್ಯ ಕಾಲೇಜುಗಳಿವೆ; ಕಾರವಾರದಲ್ಲಿಯೂ ಒಂದು ಆಗಿದೆ. ಅಲ್ಲಿಯ ಶ್ವಾಸರೋಗ, ಅರಿವಳಿಕೆ ವಿಭಾಗಗಳ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಆ ಮೂರು ತಿಂಗಳನ್ನು ಮಳೆಗಾಲದಲ್ಲಿ ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಂಥ ಸ್ಥಳದಲ್ಲಿ ಕಳೆಯುವಂತಾದರೆ ಕಲಿಕೆಯು ಎರಡು ಕಡೆಗೂ ಹರಿಯುವುದು. ವಿದ್ಯಾರ್ಥಿಯು ಸೀಮೆಯ ರೋಗವನ್ನು ಕಲಿಯುವನು. ತಾಲೂಕಿನ ವೈದ್ಯರೂ ಶುಶ್ರೂಷಕಿಯರೂ ಅವನಿಂದ ನಳಿಕೆ ಇಳಿಸುವುದನ್ನೂ ಚೀಲ ಹಿಚುಕುವುದನ್ನೂ ಕಲಿಯುವರು. ಈ ಚೀಲವು ಅಂಬು ಚೀಲವೆಂದು ಪ್ರಸಿದ್ಧವಾದುದು. ವಿದ್ಯುತ್ತು ಬೇಡದು, ಕೈಚೀಲದಲ್ಲಿ ಹಿಡಿಸುವುದು. ಹಾವು ಕಚ್ಚಿ ಉಸಿರು ನಿಂತವನಿಗೆ ವಿಷಪ್ರತಿಬಂಧಕ ಔಷಧವನ್ನು ಕೊಟ್ಟು, ಬಲ್ಲವರೊಬ್ಬರು 108ರ ವಾಹನದಲ್ಲಿ ಕುಳಿತು ನಿಮಿಷಕ್ಕೆ ಹತ್ತು ಹನ್ನೆರಡು ಬಾರಿ ಅದನ್ನು ಹಿಚುಕುತ್ತ ಹೋದರೆ ಯಲ್ಲಾಪುರದಿಂದ ಹುಬ್ಬಳ್ಳಿಯವರೆಗೂ ಜೀವವನ್ನು ಹಿಡಿದಿಡಬಹುದು. ಅವನ ಶ್ವಾಸಕೋಶವು ಕೆಟ್ಟಿರುವುದಿಲ್ಲ, ಸ್ನಾಯುಗಳು ಮಾತ್ರ ಸೋತಿರುತ್ತವೆ. ವಿಷವಿಳಿದ ಮೇಲೆ ಅವನು ನಡೆದುಕೊಂಡು ಮನೆಗೆ ಬರುವನು.

ಈ ವಿದ್ಯೆಯಲ್ಲಿ ಕಲಿಯತಕ್ಕ ಇನ್ನೊಂದು ಅಂಗವುಂಟು. ಅದು ಬೊಂಬೆಯ ಮೇಲೆ ಕಲಿಯುವಂಥದಲ್ಲ. ಹಲವು ವರ್ಷಗಳಿಂದ ಶ್ವಾಸಕೋಶವು ಪೂರ್ಣವಾಗಿ ಸವೆದುಹೋದ ವೃದ್ಧನನ್ನು ಮಕ್ಕಳು ತೋಟದ ಮೇಲೆ ಸಾಲತೆಗೆದು ಊರಿಂದೂರಿಗೆ ಒಯ್ಯುವರು. ಯಂತ್ರಕ್ಕೆ ಜೋಡಿಸಿದರೆ ಬಿಡಿಸುವುದು ಸಾಧ್ಯವಾಗದೆಂಬುದನ್ನು ಬಲ್ಲ ವೈದ್ಯನು ಕುಳಿತು, ನಿಧಾನವಾಗಿ, ಮನೆಯವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಏದುಸಿರಿನ ಸಂಕಟವನ್ನು ಅಲ್ಪಪ್ರಮಾಣದ ಮಾರ್ಫೀನಿನಿಂದ ಶಮನಗೊಳಿಸಿ ಮನೆಯಲ್ಲಿಯೇ ನೆಮ್ಮದಿಯಿಂದ ಇರಿಸಿಕೊಳ್ಳುವ ಮಾರ್ಗವನ್ನು ತೋರಿಸಬೇಕು. ಹಿರಿಯ ವೈದ್ಯನು ಹೀಗೆ ಹೇಳುವುದನ್ನು ಪಕ್ಕದಲ್ಲಿ ನಿಂತು ಹತ್ತಾರು ಸಲ ಕೇಳಿದ ಹೊರತು ಕಿರಿಯನಿಗೆ ಇದು ಬರುವುದಿಲ್ಲ. ಬಾರದಿದ್ದಾಗ ಅವನು ಹುಬ್ಬಳ್ಳಿಗೆ ಚೀಟಿಯನ್ನು ಬರೆದು ಕೈತೊಳೆದುಕೊಳ್ಳುವನು, ವೃದ್ಧನು ದಾರಿಯಲ್ಲಿ ಪ್ರಾಣಬಿಡುವನು.

ದಾನಿಗಳು ಆಸ್ಪತ್ರೆಗೆ ಯಂತ್ರವನ್ನು ಕೊಡಿಸಲು ಮುಂದೆ ಬರುವುದುಂಟು, ಸ್ತುತ್ಯವಾದ ಕಾರ್ಯವು. ಕೊಡುವ ಮೊದಲು ಒಂದು ಲೆಕ್ಕವನ್ನು ಮಾಡತಕ್ಕದ್ದು. ವೆಂಟಿಲೇಟರಿನ ಮೇಲಿರುವ ರೋಗಿ ಒಬ್ಬನಿಗೆ ಎಲ್ಲ ಹೊತ್ತಿನಲ್ಲಿಯೂ ಒಬ್ಬ ತರಬೇತಾದ ಶುಶ್ರೂಷಕಿ ಇರತಕ್ಕದ್ದು. ದಿನಕ್ಕೆ ಮೂರು ಪಾಳಿ. ವಾರದ ರಜೆ, ಹಬ್ಬ, ಕಾಯಿಲೆ, ಹೆರಿಗೆಗಳನ್ನು ಸೇರಿಸಿದರೆ ಮಂಚ ಒಂದಕ್ಕೆ ಐವರು ಬೇಕು. ನಾಲ್ಕು ಮಂಚಗಳಿಗೆ ಇಪ್ಪತ್ತು ಮಂದಿ. ಅವರ ಮೇಲೆ ಹಗಲಿಗೊಬ್ಬರು, ಇರುಳಿಗೊಬ್ಬರು, ರಜೆಗೊಬ್ಬರು ಎಂದು ವೈದ್ಯರು. ಈ ತಾಲೂಕುಗಳ ಹೆಣ್ಣುಮಕ್ಕಳು ಶುಶ್ರೂಷೆಯನ್ನು ಕಲಿತು ಬೆಂಗಳೂರಿಗೂ ಅದರಾಚೆಗೂ ಕೆಲಸಕ್ಕೆ ಹೋಗುತ್ತಿರುವರು. ಊರಿನಲ್ಲಿ ಯೋಗ್ಯವಾದ ಸಂಬಳವೂ ಇರುಳುಪಾಳಿಗೆ ಭದ್ರವಾದ ವಸತಿಯೂ ದೊರೆತರೆ ಅವರಲ್ಲಿ ಎಷ್ಟು ಮಂದಿ ಮರಳಿ ಬಂದಾರೆಂದು ಮನೆಮನೆಗೆ ಹೋಗಿ ಕೇಳುವ ಕೆಲಸವನ್ನು ಯಂತ್ರ ಕೊಳ್ಳುವುದಕ್ಕೆ ಮೊದಲೇ ಆರಂಭಿಸಬಹುದು.