ಹಂಡೆಯ ತಳದ ಕೆಸರು

ಬಚ್ಚಲುಮನೆಯ ಹಂಡೆಯ ಒಳಮೈಯನ್ನು ಎಂದಾದರೂ ತಡವಿ ನೋಡಿದ್ದೀರಾ? ಗಡಸು ನೀರಿನ ಊರಾದರೆ ಸುಣ್ಣದ ಹಕ್ಕಳೆ ಕೈಗೆ ತಾಗುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಅದು ಹೊತ್ತು ತಂದ ಲವಣ ಮಾತ್ರ ಉಳಿಯುತ್ತದೆ.

ಕಾರ್ಖಾನೆಯ ಬಾಯ್ಲರಿನ ಕಥೆಯೂ ಇದೇ. ಅಲ್ಲಿ ಹೊಸ ನೀರು ಬರುತ್ತಲೇ ಇರುತ್ತದೆ, ಕಲ್ಮಶ ಕೂಡುತ್ತಲೇ ಇರುತ್ತದೆ. ಹೀಗೆ ಕಟ್ಟಿದ ಕೆಸರು ಬೆಂಕಿಯ ಶಾಖವನ್ನು ನೀರಿಗೆ ದಾಟಗೊಡುವುದಿಲ್ಲ. ಉಕ್ಕು ಮಿತಿಮೀರಿ ಕಾದು, ಮೆತ್ತಗಾಗಿ, ಒಳಗಿನ ಒತ್ತಡಕ್ಕೆ ಉಬ್ಬಿ ಬಿರಿಯುತ್ತದೆ.

1865ರ ಏಪ್ರಿಲ್ 27ರಂದು ಅಮೆರಿಕದ ಮೆಂಫಿಸ್ ನಗರದ ಬಳಿ, ಮಿಸಿಸಿಪ್ಪಿ ನದಿಯಲ್ಲಿ, 'ಸುಲ್ತಾನಾ' ಎಂಬ ಉಗಿಹಡಗಿನ ಬಾಯ್ಲರುಗಳು ಸಿಡಿದು 1,100ಕ್ಕೂ ಹೆಚ್ಚು ಜನ ಮಡಿದರು. ಬಹುಮಂದಿ ಅಂತರ್ಯುದ್ಧದ ಸೆರೆಯಿಂದ ಬಿಡುಗಡೆಯಾಗಿ ಮನೆಗೆ ಮರಳುತ್ತಿದ್ದ ಸೈನಿಕರು. ಅವಸರದ ತೇಪೆ, ಅಳತೆಮೀರಿದ ಜನಭಾರ, ಇವುಗಳೊಡನೆ ಬಾಯ್ಲರಿನಲ್ಲಿ ನೆಲೆಸಿದ್ದ ನದಿಯ ಹೂಳನ್ನೂ ಕಾರಣಗಳಲ್ಲಿ ಎಣಿಸುತ್ತಾರೆ.

ಬಾಯ್ಲರಿನ ತಳದಲ್ಲಿರುವ ಬ್ಲೋಡೌನ್ ವಾಲ್ವ್ ಈ ಕೆಸರಿಗೆ ಬಾಗಿಲು. ಅದನ್ನು ತೆರೆದ ಕೆಲವೇ ಕ್ಷಣಗಳಲ್ಲಿ ಒಳಗಿನ ಒತ್ತಡವೇ ಕೆಸರನ್ನು ಹೊರದೂಡುತ್ತದೆ. ತೆರೆದವನು ಕೈಯನ್ನು ವಾಲ್ವಿನ ಮೇಲೂ ಕಣ್ಣನ್ನು ನೀರಿನ ಮಟ್ಟ ತೋರುವ ಗಾಜಿನ ಮೇಲೂ ಇಟ್ಟಿರಬೇಕು. ನೀರು ಅತಿಯಾಗಿ ಇಳಿದರೆ ಉಕ್ಕು ಬರಿದಾಗಿ ಮತ್ತೆ ಅದೇ ಅಪಾಯ.

ಕೆಸರಿನೊಡನೆ ಕಾದ ನೀರೂ, ಅದನ್ನು ಕಾಯಿಸಿದ ಉರುವಲೂ ವ್ಯರ್ಥವಾಗುತ್ತದೆ, ನಿಜ. ಆ ನಷ್ಟಕ್ಕೆ ಅಂಜಿ ವಾಲ್ವನ್ನು ಮುಚ್ಚಿಯೇ ಇಡುವ ಉಳಿತಾಯ ಕೆಡುಕಿನ ಉಳಿತಾಯ. ಅಲ್ಪವನ್ನು ಕಾಲಕಾಲಕ್ಕೆ ಬಿಟ್ಟುಕೊಡುವುದೇ ಎಲ್ಲವನ್ನೂ ಉಳಿಸಿಕೊಳ್ಳುವ ದಾರಿ.