ಲೆವೆಲ್ ಐದು ಎಂದರೇನು?

(ಭೀಮರಾಯನಗುಡಿಯಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)





ನಿಮ್ಮಲ್ಲಿ ಹಲವರಿಗೆ ಕಂಪ್ಯೂಟರ್ ಕಲಿತು ಬೆಂಗಳೂರು, ಹೈದರಾಬಾದಿನ ಕಂಪನಿ ಸೇರುವ ಆಸೆಯಿದೆ. ಆ ಕಂಪನಿಗಳು ಹೆಮ್ಮೆಯಿಂದ ಹೇಳಿಕೊಳ್ಳುವ ‘ಲೆವೆಲ್ 5’ ಎಂಬ ಮಾತಿನ ಅರ್ಥ ತಿಳಿದರೆ, ಅದು ನಿಮ್ಮ ಓದಿಗೂ ನಮ್ಮ ಸಂಘಕ್ಕೂ ಉಪಯೋಗವಾದೀತು.

1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ಚಿಂತೆಯಿತ್ತು. ಸಾಫ್ಟ್‌ವೇರ್ ಹೇಳಿದ ದಿನಕ್ಕೆ ಬರುತ್ತಿರಲಿಲ್ಲ. ಬಂದರೂ ದೋಷಗಳಿಂದ ಕೂಡಿರುತ್ತಿತ್ತು. ಇದಕ್ಕೆ ಪರಿಹಾರ ಹುಡುಕಲು 1984ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಯಿತು. ಐಬಿಎಂನಲ್ಲಿ 27 ವರ್ಷ ದುಡಿದಿದ್ದ ವಾಟ್ಸ್ ಹಂಫ್ರಿ 1986ರಲ್ಲಿ ಅಲ್ಲಿಗೆ ಬಂದರು. ಗುಣಮಟ್ಟದ ತಜ್ಞ ಫಿಲಿಪ್ ಕ್ರಾಸ್ಬಿ 1979ರಲ್ಲಿ ಹೇಳಿದ್ದ ಐದು ಹಂತಗಳ ವಿಚಾರವನ್ನು ಅವರು ಸಾಫ್ಟ್‌ವೇರಿಗೆ ಹೊಂದಿಸಿದರು. ಅದೇ 1991ರಲ್ಲಿ ‘ಸಿಎಂಎಂ’ ಎಂಬ ಮಾದರಿಯಾಗಿ ಹೊರಬಂತು.

ನಮ್ಮದು ಕೃಷ್ಣಾ ಮೇಲ್ದಂಡೆ ಯೋಜನೆಯ ಊರು. ಆದ್ದರಿಂದ ಆ ಐದು ಮೆಟ್ಟಿಲುಗಳನ್ನು ಕಾಲುವೆಯ ಉದಾಹರಣೆಯಿಂದಲೇ ಹೇಳುತ್ತೇನೆ. ಮೊದಲನೆಯದರಲ್ಲಿ ಗದ್ದಲ ಮಾಡಿದವರ ಹೊಲಕ್ಕೆ ನೀರು. ಗೇಟ್ ನೋಡುವವನು ಚುರುಕಾಗಿದ್ದರೆ ಹೇಗೋ ನಡೆಯುತ್ತದೆ. ಅವನು ರಜೆ ಹಾಕಿದರೆ ಎಲ್ಲವೂ ನಿಲ್ಲುತ್ತದೆ. ಎರಡನೆಯದರಲ್ಲಿ ಒಂದು ಕಾಲುವೆಗೆ ಸರದಿ ಪಟ್ಟಿ ಬರುತ್ತದೆ. ಮೂರನೆಯದರಲ್ಲಿ ಎಲ್ಲ ಕಾಲುವೆಗಳಿಗೂ ಬರೆದಿಟ್ಟ ಒಂದೇ ಕ್ರಮ. ನಾಲ್ಕನೆಯದರಲ್ಲಿ ಹರಿದ ನೀರನ್ನು ಅಳೆದು, ಅಂಕಿಗಳ ಮೇಲೆ ತೀರ್ಮಾನ. ಐದನೆಯದರಲ್ಲಿ ಕೊನೆಯ ಹೊಲಕ್ಕೆ ನೀರು ಏಕೆ ಮುಟ್ಟಲಿಲ್ಲ ಎಂಬ ಕಾರಣ ಹುಡುಕಿ, ಮುಂದಿನ ಹಂಗಾಮಿಗೆ ಮೊದಲೇ ಸರಿಪಡಿಸುವುದು.

ಈ ಐದನೆಯ ಮೆಟ್ಟಿಲನ್ನು ಏರಿದವರಲ್ಲಿ ನಮ್ಮ ನಾಡಿನವರೂ ಮುಂಚೂಣಿಯಲ್ಲಿದ್ದರು. 1990ರ ದಶಕದಲ್ಲಿ ಬೆಂಗಳೂರಿನ ಮೊಟೊರೋಲಾ ಘಟಕ ಅದನ್ನು ಮುಟ್ಟಿತು. 1998ರಲ್ಲಿ ವಿಪ್ರೋ ಆ ಮಟ್ಟಕ್ಕೇರಿತು. ತಂದೆಯ ನಿಧನದಿಂದಾಗಿ 1966ರಲ್ಲಿ 21ನೇ ವಯಸ್ಸಿಗೇ ಓದು ಬಿಟ್ಟು ಬಂದ ಅಜೀಂ ಪ್ರೇಮ್‌ಜಿಯವರು ಬೆಳೆಸಿದ ಕಂಪನಿ ಅದು. ಅವರ ಫೌಂಡೇಶನ್ ನಮ್ಮ ಸುರಪುರ ಭಾಗದ ಶಾಲೆಗಳಲ್ಲಿ ಕೆಲಸ ಮಾಡಿರುವುದನ್ನು ನೀವು ಬಲ್ಲಿರಿ. ದೂರದ ಗ್ರಾಹಕರು ನಮ್ಮವರನ್ನು ನಂಬಲು ಇಂಥ ಕ್ರಮಬದ್ಧತೆಯೂ ಒಂದು ಕಾರಣವಾಯಿತು.

ಮಾದರಿಯೂ ನಿಂತಲ್ಲೇ ನಿಲ್ಲಲಿಲ್ಲ. ಬೇರೆಬೇರೆ ಕೆಲಸಗಳಿಗೆ ಹುಟ್ಟಿದ ಮಾದರಿಗಳನ್ನು ಕೂಡಿಸಿ 2000ದಲ್ಲಿ ‘ಸಿಎಂಎಂಐ’ ಬಂತು. ಕಾಗದಪತ್ರವೇ ಹೆಚ್ಚಾಯಿತೆಂಬ ಟೀಕೆಯೂ ಬಂತು. 2001ರಲ್ಲಿ ‘ಅಜೈಲ್’ ಪಂಥದವರು ದಾಖಲೆಗಿಂತ ನಡೆಯುವ ಸಾಫ್ಟ್‌ವೇರ್ ಮುಖ್ಯವೆಂದರು. 2018ರ ಮತ್ತು 2023ರ ಪರಿಷ್ಕರಣೆಗಳು ಕೆಲಸದ ಫಲಿತಾಂಶಕ್ಕೆ ಹೆಚ್ಚು ಒತ್ತು ಕೊಟ್ಟವು. ಟೀಕೆಯಲ್ಲಿ ಸತ್ಯವಿದೆ. ಗೋಡೆಯ ಮೇಲಿನ ಪ್ರಮಾಣಪತ್ರ ನೀರು ಹರಿಸುವುದಿಲ್ಲ.

ಹಂಫ್ರಿಯವರು 1995ರಲ್ಲಿ ಇದೇ ಶಿಸ್ತನ್ನು ಒಬ್ಬೊಬ್ಬ ಪ್ರೋಗ್ರಾಮರ್‌ನ ಮೇಜಿಗೂ ತಂದರು: ಎಷ್ಟು ಸಮಯ ಹಿಡಿಯಿತು, ಎಲ್ಲಿ ತಪ್ಪಾಯಿತು, ಬರೆದಿಡಿ. ವಿದ್ಯಾರ್ಥಿಗಳೇ, ಇದಕ್ಕೆ ಕಂಪ್ಯೂಟರ್ ಬೇಡ. ಒಂದು ನೋಟ್‌ಬುಕ್ ಸಾಕು. ಗಣಿತದಲ್ಲಿ ಪ್ರತಿಸಲ ತಪ್ಪುವುದು ಸೂತ್ರವೋ, ಗಡಿಬಿಡಿಯೋ? ಒಂದು ತಿಂಗಳು ಬರೆದು ನೋಡಿ. ‘ನನಗೆ ಗಣಿತ ಬರುವುದಿಲ್ಲ’ ಎಂಬ ಮಾತಿನ ಬದಲು ತಿದ್ದಬಹುದಾದ ಒಂದು ಕಾರಣ ಕೈಗೆ ಸಿಗುತ್ತದೆ.

ಹಿರಿಯರಲ್ಲಿಯೂ ಒಂದು ವಿನಂತಿ. ನಮ್ಮದು ನೌಕರರು ವರ್ಗವಾಗುತ್ತಲೇ ಇರುವ ಊರು. ಸ್ಕಾಲರ್‌ಶಿಪ್ ಅರ್ಜಿಯ ದಿನಾಂಕ, ಬೇಕಾದ ದಾಖಲೆ ಎಲ್ಲವೂ ಒಬ್ಬರ ತಲೆಯಲ್ಲಷ್ಟೇ ಇದ್ದರೆ, ಅವರು ವರ್ಗವಾದ ವರ್ಷ ಒಬ್ಬ ಬಡ ಹುಡುಗಿಯ ಓದು ನಿಲ್ಲಬಹುದು. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯ ನಮಗೆ ಕಲಿಸಿದೆ. ಮಕ್ಕಳ ಭವಿಷ್ಯವೂ ನಮ್ಮ ಮೇಲಿನ ಸಾಲವೇ. ಅದಕ್ಕೊಂದು ರಿಜಿಸ್ಟರ್ ಇರಲಿ. ಹೊಸಬರು ತೆರೆದು ನೋಡಿದರೆ ಮರುದಿನವೇ ಕೆಲಸ ಮುಂದುವರಿಸುವಂತಿರಲಿ.

ಅಲ್ಲಾಹನು ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.